ಇಂಗ್ಲೆಂಡಿನ ಲ್ಯಾಕ್ಸ್‌ಟನ್ ಹಳ್ಳಿಲಿ ಹೊಲಕ್ಕೇ ಒಂದು ಕೋರ್ಟು ಉಂಟಂತೆ, ಯಾರಾದ್ರೂ ನೋಡಿದವ್ರು ಇದೀರಾ?

ಆಚೆದಡ_ಕುಮಟಾ

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಆಗ್ತದೆ, ಬೇಜಾರು ಮಾಡ್ಕೋಬೇಡಿ.

ನಮ್ಮ ಅಣ್ಣನ ಮಗಳು ನಾಟಿಂಗ್‌ಹ್ಯಾಮ್‌ನಲ್ಲಿ ಓದ್ತಾ ಇದ್ದಾಳೆ, ಹೋದ ವಾರ ಯಾರದೋ ಕಾರಲ್ಲಿ ಲ್ಯಾಕ್ಸ್‌ಟನ್ ಅಂತ ಒಂದು ಹಳ್ಳಿಗೆ ಹೋಗಿದ್ಲಂತೆ, ಅಲ್ಲಿಂದ ಹನ್ನೊಂದು ನಿಮಿಷದ ವಾಯ್ಸ್ ಮೆಸೇಜ್ ಕಳ್ಸಿದ್ದಾಳೆ, ಅರ್ಧ ಗಾಳಿ ಶಬ್ದವೇ ಕೇಳ್ತದೆ. ಅವಳು ಹೇಳಿದ್ದು ಇಷ್ಟು. ಆ ಊರಲ್ಲಿ ಮೂರು ದೊಡ್ಡ ಹೊಲ, ನಡುವೆ ಬೇಲಿ ಇಲ್ಲ, ಗೋಡೆ ಇಲ್ಲ, ಒಂದೊಂದು ಹೊಲದಲ್ಲೂ ಎಲ್ಲಾ ರೈತರ ಪಟ್ಟಿ ಚದುರಿ ಬಿದ್ದಿದೆ, ಈ ವರ್ಷ ಯಾವ ಹೊಲದಲ್ಲಿ ಎಂಥ ಬೆಳೀಬೇಕು ಅನ್ನೋದನ್ನ ಒಬ್ಬೊಬ್ಬರೇ ನಿರ್ಧಾರ ಮಾಡಂಗಿಲ್ಲ, ಊರಿಗೆ ಸೇರಿ ಒಂದೇ ಲೆಕ್ಕ, ತಪ್ಪಿದ್ರೆ ದಂಡ ಹಾಕೋಕೆ ಊರದ್ದೇ ಕೋರ್ಟು. ಅದೂ ಪಬ್‌ನಲ್ಲಿ ಕೂತು!

ನಂಗೆ ಇದು ತಲೆಗೆ ಹತ್ತಿದ್ದು ಯಾಕೆ ಅಂದ್ರೆ ನಮ್ಮದು ಅಘನಾಶಿನಿ ದಡದ ಊರು, ಗಜನಿ ಉಂಟು. ಗೊತ್ತಿಲ್ಲದವರಿಗೆ ಹೇಳ್ತೆ, ಹೊಳೆ ಮತ್ತೆ ಸಮುದ್ರ ಸೇರೋ ಕಡೆ ಭರತದ ನೀರು ನುಗ್ಗೋ ತಗ್ಗು ಜಾಗ, ಸುತ್ತ ಮಣ್ಣಿನ ಕಟ್ಟು, ಅಲ್ಲಲ್ಲಿ ನೀರು ಬಿಡೋ ಹಲಗೆ ಬಾಗಿಲು. ಮಳೆಗಾಲದಲ್ಲಿ ಉಪ್ಪು ತೊಳೆದು ಹೋದ ಮೇಲೆ ಕಗ್ಗ ಭತ್ತ, ಕೊಯ್ಲು ಆದ ಮೇಲೆ ಬಾಗಿಲು ತೆಗೆದು ಸಿಗಡಿ ಮೀನು. ಅಪ್ಪನ ಕಾಲದಲ್ಲಿ ಯಾರ ಗದ್ದೆ ಎಲ್ಲಿಂದ ಎಲ್ಲಿಗೆ ಅಂತ ಕಣ್ಣಿಗೆ ಬದು ಕಾಣ್ತಾ ಇರ್ಲಿಲ್ಲ, ಆದ್ರೂ ಎಲ್ಲರಿಗೂ ಗೊತ್ತಿತ್ತು. ಈಗ ಹದಿನೈದು ವರ್ಷದಿಂದ ಪೂರ್ತಿ ಸಿಗಡಿ ಗುತ್ತಿಗೆ. ಕಟ್ಟು ಒಡೆದ್ರೆ ಗುತ್ತಿಗೆಯವ ನಮ್ಮ ಮುಖ ನೋಡ್ತಾನೆ, ನಾವು ಅವನ ಮುಖ ನೋಡ್ತೇವೆ. ಮತ್ತೆ ಕಗ್ಗ ಮಾಡುವಾ ಅಂತ ಈ ವರ್ಷ ಎರಡು ಸಲ ಮೀಟಿಂಗ್ ಆಯ್ತು, ಎರಡೂ ಸಲ ಜಗಳದಲ್ಲೇ ಮುಗೀತು, ಎರಡನೇ ಸಲ ಚಾ ಕೂಡ ಯಾರೂ ಕುಡೀಲಿಲ್ಲ.

ಅದಕ್ಕೇ ಕೇಳ್ತಾ ಇದ್ದೆ. ಆ ಲ್ಯಾಕ್ಸ್‌ಟನ್ ನಿಜವಾಗಿ ನಡೀತಾ ಉಂಟಾ ಅಥವಾ ಟೂರಿಸ್ಟಿಗೆ ತೋರ್ಸೋ ನಾಟಕವಾ? ದಂಡ ಹಾಕಿದ್ರೆ ಜನ ಕೊಡ್ತಾರಾ? ಇಂಗ್ಲೆಂಡಲ್ಲಿ ಬಾಕಿ ಎಲ್ಲಾ ಕಡೆ ಹೋಗಿ ಇದೊಂದೇ ಊರಲ್ಲಿ ಹೇಗೆ ಉಳೀತು?

ಶಿರಸಿ_ಟು_ಟ್ರೆಂಟ್

ಮಾರಾಯ್ರೆ, ಈ ಫೋರಮ್ಮಲ್ಲಿ ಲ್ಯಾಕ್ಸ್‌ಟನ್ ಹೆಸರು ನೋಡ್ತೇನೆ ಅಂತ ಕನಸಲ್ಲೂ ಎಣಿಸಿರ್ಲಿಲ್ಲ. ನಾನು ಇರೋದು ಅಲ್ಲಿಂದ ಮುಕ್ಕಾಲು ಗಂಟೆ ದಾರಿ. ಮೂರು ಸಲ ಹೋಗಿದ್ದೆ, ಒಂದು ಸಲ ಸರಿಯಾಗಿ ಜ್ಯೂರಿ ದಿನವೇ.

ನಾಟಕ ಅಲ್ಲ, ಆದ್ರೆ ನೋಡೋಕೆ ಎಂಥದೂ ಇಲ್ಲ ಅಂತ್ಲೂ ಅನ್ನಿಸ್ತದೆ ಮೊದಲ ಸಲ. ಕಾರಿಂದ ಇಳಿದ್ರೆ ಒಂದು ಬೀದಿ, ಕೆಂಪು ಇಟ್ಟಿಗೆಯ ಮನೆಗಳು, ಸೇಂಟ್ ಮೈಕೆಲ್ ಚರ್ಚು, ಡವ್‌ಕೋಟ್ ಇನ್ ಅಂತ ಪಬ್ಬು, ಅದರ ಹಿಂದೆ ಸಣ್ಣ ಮಾಹಿತಿ ಕೇಂದ್ರ, ಊರ ಉತ್ತರಕ್ಕೆ ನಾರ್ಮನ್ನರ ಕಾಲದ ಕೋಟೆಯ ಮಣ್ಣಿನ ದಿಬ್ಬ, ಈಗ ಅದರ ಮೇಲೆ ಬರೀ ಹುಲ್ಲು. ಒಂದು ಕಾಲಕ್ಕೆ ಶೆರ್‌ವುಡ್ ಕಾಡಿನ ಆಡಳಿತ ಇಲ್ಲಿಂದ್ಲೇ ನಡೀತಿತ್ತು ಅಂದ್ರೆ ನಂಬೋದು ಕಷ್ಟ. ವಿಶೇಷ ಗೊತ್ತಾಗೋದು ಸ್ವಲ್ಪ ನಡೆದ ಮೇಲೆ. ಬೇರೆ ಇಂಗ್ಲಿಷ್ ಹಳ್ಳಿಗಳಲ್ಲಿ ರೈತನ ಮನೆ ಹೊಲದ ನಡುವೆ ಒಂಟಿಯಾಗಿ ಇರ್ತದೆ, ನಮ್ಮ ಶಿರಸಿ ಕಡೆ ತೋಟದ ತಲೆಯಲ್ಲಿ ಮನೆ ಇರೋ ಹಂಗೆ. ಲ್ಯಾಕ್ಸ್‌ಟನ್ನಲ್ಲಿ ಹಂಗಲ್ಲ, ರೈತರ ಮನೆ ಕೊಟ್ಟಿಗೆ ಎಲ್ಲಾ ಬೀದಿಗೇ ಅಂಟಿಕೊಂಡಿವೆ. ಯಾಕೆ ಅಂದ್ರೆ ಒಬ್ಬೊಬ್ಬನ ಜಮೀನು ಮೂರು ಕಡೆ ಚದುರಿದೆ, ಮನೆ ಯಾವ ಕಡೆ ಕಟ್ತೀರಿ? ನಡುವೇ ಕಟ್ಬೇಕು.

ಮೂರು ಹೊಲದ ಹೆಸರು ವೆಸ್ಟ್ ಫೀಲ್ಡ್, ಮಿಲ್ ಫೀಲ್ಡ್, ಸೌತ್ ಫೀಲ್ಡ್. ಒಂದರಲ್ಲಿ ಚಳಿಗಾಲಕ್ಕೆ ಮೊದಲು ಬಿತ್ತೋ ಗೋಧಿ, ಒಂದರಲ್ಲಿ ವಸಂತದಲ್ಲಿ ಬಿತ್ತೋ ಬೆಳೆ, ಮೂರನೇದು ಹಿಂದೆ ಬೀಳು ಬಿಡ್ತಿದ್ರು, ಈಗ ದನಕರು ಮೇವಿಗೆ ಬೆಳೀತಾರೆ. ಮರುವರ್ಷ ಒಂದೊಂದು ಹೆಜ್ಜೆ ಮುಂದೆ. ಪಟ್ಟಿ ಪಟ್ಟಿ ನಡುವೆ ಬೇಲಿ ಇಲ್ಲ ಅನ್ನೋದು ನಿಜವೇ.

ಈಗ ಜ್ಯೂರಿ ದಿನ. ನವೆಂಬರ್ ಕೊನೇ ಗುರುವಾರ. ಆ ವರ್ಷ ಗೋಧಿ ಬಿತ್ತಿದ ಹೊಲಕ್ಕೆ ಮಾತ್ರ ಹೋಗ್ತಾರೆ. ರೈತರಲ್ಲೇ ಹನ್ನೆರಡು ಜನ, ಅವರಲ್ಲಿ ಒಬ್ಬ ಮುಖಂಡ, ಟ್ರ್ಯಾಕ್ಟರ್ ಟ್ರೇಲರ್ ಹತ್ತಿ ಹೊರಟ್ರು, ಕೆಳಗೆ ಹುಲ್ಲಿನ ಪೆಂಡಿ, ಮೈಮೇಲೆ ಕೋಟು, ಕೈಲಿ ಮರದ ಗೂಟ ಮತ್ತೆ ಸುತ್ತಿಗೆ. ನಾನು ರಸ್ತೆ ಬದೀಲಿ ನಿಂತು ನೋಡಿದ್ದು, ಕಾಲು ಪೂರ್ತಿ ಮರಗಟ್ಟಿತ್ತು. ಹೂಡುವಾಗ ಯಾರು ಪಕ್ಕದವನ ಪಟ್ಟಿಗೆ ಒಂದು ಸಾಲು ಜಾಸ್ತಿ ತಿಂದಿದ್ದಾರೆ, ಯಾರು ಊರ ದಾರಿಯನ್ನೇ ಹೂಡಿ ಸಣ್ಣ ಮಾಡಿದ್ದಾರೆ, ಯಾರು ಚರಂಡಿ ತೆಗೆದಿಲ್ಲ ಅಂತ ನೋಡ್ತಾರೆ, ಗಡಿಗೆ ಗೂಟ ಹೊಡೀತಾರೆ. ಮಜಾ ಏನಂದ್ರೆ ಟ್ರೇಲರಿನಲ್ಲಿ ಕೂತವನ ಪಟ್ಟಿಯೂ ಅದೇ ಹೊಲದಲ್ಲಿ ಉಂಟು, ತನ್ನ ಪಟ್ಟಿ ಬಂದಾಗ ಅವ ಸುಮ್ನೆ ಆಕಾಶ ನೋಡ್ತಾ ಇರ್ತಾನೆ. ಆಮೇಲೆ ಎಲ್ಲಾ ಸೇರಿ ಪಬ್ಬಲ್ಲಿ ಊಟ.

ಮುಂದಿನ ವಾರ, ಡಿಸೆಂಬರ್ ಮೊದಲ ಭಾಗದಲ್ಲಿ, ಅದೇ ಪಬ್ಬಲ್ಲಿ ಕೋರ್ಟ್ ಲೀಟ್. ಜಮೀನಿನ ಒಡೆಯರ ಪರವಾಗಿ ಸ್ಟೀವರ್ಡ್ ಅಂತ ಒಬ್ಬ ಕೂರ್ತಾನೆ, ಜ್ಯೂರಿಯ ವರದಿ ಓದ್ತಾರೆ, ದಂಡ ಹಾಕ್ತಾರೆ, ಮುಂದಿನ ಜ್ಯೂರಿಗೆ ಪ್ರಮಾಣ ವಚನ. ದಂಡ ಕೆಲವೇ ಪೌಂಡು, ಅಲ್ಲಿ ಒಂದು ಊಟಕ್ಕೂ ಸಾಲದು. ದುಡ್ಡಿಂದ ಯಾರಿಗೂ ಏನೂ ಆಗಲ್ಲ, ಇಡೀ ಊರ ಎದುರು ಹೆಸರು ಓದ್ತಾರಲ್ಲ, ಅದು ಚುಚ್ತದೆ.

ಕಾನೂನಿನ ಬಲವೂ ಉಂಟು. 1977ರಲ್ಲಿ ಒಂದು ಕಾಯ್ದೆ ಬಂದು ಇಂಥ ಹಳೇ ಊರಿನ ಕೋರ್ಟುಗಳ ಅಧಿಕಾರ ತೆಗೆದು ಹಾಕ್ತು, ಆದ್ರೆ ಲ್ಯಾಕ್ಸ್‌ಟನ್ನಿನ ಈ ಹೊಲದ ಉಸ್ತುವಾರಿ ಉಳ್ಕೊಳ್ತು.

ನಿವೃತ್ತ_ಕಾರಕೂನ

ಶಿರಸಿಯ ತಮ್ಮ ಚೆನ್ನಾಗಿ ಬರೆದಿದ್ದಾನೆ. ನಾನು ಕಂದಾಯದಲ್ಲಿ ಮೂವತ್ತೆರಡು ವರ್ಷ ಪಹಣಿ ಬರೆದವ, ಹಾಗಾಗಿ ಜಮೀನಿನ ಕಡೆಯಿಂದ ನಾಲ್ಕು ಮಾತು ಸೇರಿಸ್ತೇನೆ.

ಒಂದು ಕಾಲದಲ್ಲಿ ನಡು ಇಂಗ್ಲೆಂಡಿನ ಬಹಳಷ್ಟು ಹಳ್ಳಿಗಳಲ್ಲಿ ಇದೇ ಪದ್ಧತಿ ಇತ್ತು. ಲ್ಯಾಕ್ಸ್‌ಟನ್ ವಿಶೇಷ ಊರೇ ಅಲ್ಲ, 1086ರ ಡೂಮ್ಸ್‌ಡೇ ದಾಖಲೆಯಲ್ಲಿ ಬರುವ ಸಾವಿರಾರು ಊರುಗಳಲ್ಲಿ ಅದೂ ಒಂದು. ಆಮೇಲೆ ಪಾರ್ಲಿಮೆಂಟಿನಲ್ಲಿ ಬೇಲಿ ಹಾಕುವ ಕಾಯ್ದೆಗಳು ಬಂದವು, ಒಂದೊಂದು ಊರಿಗೆ ಒಂದೊಂದು ಕಾಯ್ದೆ. 1604ರಿಂದ 1914ರ ತನಕ ಲೆಕ್ಕ ಹಾಕಿದರೆ 5,200ಕ್ಕೂ ಹೆಚ್ಚು, ಅದರಲ್ಲಿ ಬೇಲಿಯೊಳಗೆ ಹೋದ ಜಮೀನು ಸುಮಾರು 68 ಲಕ್ಷ ಎಕರೆ. ಚದುರಿದ ಪಟ್ಟಿಗಳನ್ನೆಲ್ಲ ಒಟ್ಟು ಮಾಡಿ ಇಷ್ಟು ನಿನಗೆ, ಇಷ್ಟು ನಿನಗೆ ಅಂತ ಹಂಚಿ ಸುತ್ತ ಬೇಲಿ. ಇಳುವರಿ ಹೆಚ್ಚಿತು ಅನ್ನುವವರಿದ್ದಾರೆ, ಇರಬಹುದು. ಆದರೆ ಕಾಗದ ಇಲ್ಲದೆ ಬರೀ ರೂಢಿಯ ಮೇಲೆ ಒಂದು ಆಕಳು ಮೇಯಿಸಿಕೊಂಡಿದ್ದವನಿಗೆ ಹೆಚ್ಚಿನ ಕಡೆ ಏನೂ ಸಿಗಲಿಲ್ಲ. ಕಾಗದ ಇಲ್ಲದವನ ಕತೆ ಎಲ್ಲಾ ಕಡೆ ಒಂದೇ, ನಾನು ಕಣ್ಣಾರೆ ಕಂಡಿದ್ದೇನೆ.

ಲ್ಯಾಕ್ಸ್‌ಟನ್ ಯಾಕೆ ಉಳಿಯಿತು? ಪ್ರೀತಿಯಿಂದ ಅಲ್ಲ. ಅಲ್ಲಿ ಇಬ್ಬರು ದೊಡ್ಡ ಒಡೆಯರು, ಮ್ಯಾನ್ವರ್ಸ್ ಅರ್ಲ್ ಮನೆತನ ಒಂದು, ಸ್ಕಾರ್ಬರೋ ಅರ್ಲ್ ಮನೆತನ ಇನ್ನೊಂದು. ಇವರಿಬ್ಬರಿಗೆ ಪೂರ್ತಿ ಒಪ್ಪಂದ ಕುದುರುವಷ್ಟರಲ್ಲಿ ಹತ್ತೊಂಬತ್ತನೇ ಶತಮಾನದ ಕೊನೆ ಬಂತು, ಧಾನ್ಯದ ಬೆಲೆ ಬಿತ್ತು, ಬೇಲಿ ಹಾಕುವ ಖರ್ಚೇ ಹುಟ್ಟದ ಕಾಲ. ಹಾಗಾಗಿ ಉಳಿಯಿತು. ಆಮೇಲೆ ಅದರ ಬೆಲೆ ಗೊತ್ತಾಗಿ 1952ರಲ್ಲಿ ಮ್ಯಾನ್ವರ್ಸ್ ಅರ್ಲ್ ಅದನ್ನು ಅಲ್ಲಿಯ ಕೃಷಿ ಸಚಿವಾಲಯಕ್ಕೆ ಮಾರಿದರು. 1981ರಲ್ಲಿ ಕ್ರೌನ್ ಎಸ್ಟೇಟಿಗೆ ಹೋಯಿತು, 2020ರಲ್ಲಿ ತಿರುಗಿ ಹಳೇ ಮ್ಯಾನ್ವರ್ಸ್ ಮನೆತನದ ಥೋರೆಸ್ಬಿ ಎಸ್ಟೇಟಿಗೇ ಬಂತು. 68 ವರ್ಷ ಊರು ಸುತ್ತಿ ಮನೆಗೆ ಬಂದ ಪಾತ್ರೆಯ ಹಾಗೆ.

1635ರಲ್ಲಿ ಮಾರ್ಕ್ ಪಿಯರ್ಸ್ ಅನ್ನುವವ ಆ ಊರಿನ ನಕಾಶೆ ಮಾಡಿದ್ದಾನೆ, ಪಟ್ಟಿ ಪಟ್ಟಿಯೂ ಬರೆದು, ಹೂಡುವವರು, ದನ ಮೇಯುವುದು ಎಲ್ಲಾ ಚಿತ್ರದಲ್ಲಿ. ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿದೆ. ಸರ್ವೆ ಅಂದರೆ ಅದು.

ಇನ್ನು ಕುಮಟಾದವರ ಪ್ರಶ್ನೆಗೆ. ನೀವು ಗಜನಿಗೆ ಹೋಲಿಸಿದಿರಿ, ನನಗೆ ನೆನಪಾದದ್ದು ಸೊಪ್ಪಿನ ಬೆಟ್ಟ. 1 ಎಕರೆ ಅಡಿಕೆ ತೋಟಕ್ಕೆ 9 ಎಕರೆ ತನಕ ಬೆಟ್ಟ, ಮಾಲಕಿ ಸರ್ಕಾರದ್ದು, ಸೊಪ್ಪು ದರಕು ನಮ್ಮದು. ಎಲ್ಲಿ ನಾಲ್ಕು ಮನೆಯವರು ಸೇರಿ ಕಾದರೋ ಅಲ್ಲಿ ಇವತ್ತೂ ಮರ ಇದೆ. ಎಲ್ಲಿ ಒಬ್ಬೊಬ್ಬ ತಂತಿ ಬೇಲಿ ಹಾಕಿದನೋ ಅಲ್ಲಿ ಹೋಗಿ ನೋಡಿ, ನಾನು ಹೇಳುವುದಿಲ್ಲ.

ಆದರೆ ಒಂದು ದೊಡ್ಡ ವ್ಯತ್ಯಾಸ ಉಂಟು. ಲ್ಯಾಕ್ಸ್‌ಟನ್ ಹೊಲದ ರೈತರು ಹೆಚ್ಚಿನವರು ಗೇಣಿದಾರರು, ಮೇಲೆ ಒಬ್ಬ ಒಡೆಯ. ನಮ್ಮಲ್ಲಿ 1974ರಲ್ಲಿ ಉಳುವವನೇ ಒಡೆಯ ಆದ. ಒಳ್ಳೆಯದೇ ಆಯಿತು, ಡಿಕ್ಲರೇಶನ್ ಅರ್ಜಿ ಹಿಡಿದು ಸಾಲು ನಿಂತವರ ಮುಖ ನಾನು ಮರೆಯುವುದಿಲ್ಲ. ಆದರೆ ಕಟ್ಟು, ಬಾಗಿಲು, ನೀರು ಇವು ಯಾರ ಪಹಣಿಯಲ್ಲೂ ಬರಲಿಲ್ಲ.

ಅಂಕೋಲಾ_ಖಾರ

ಅಂದ್ರೆ ಕಾರಕೂನರೇ, ಗಜನಿ ಉಳೀಬೇಕು ಅಂದ್ರೆ ನಮಗೆ ಮತ್ತೆ ಒಬ್ಬ ಒಡೆಯ ಬೇಕು ಅಂತಾಯ್ತು. ಭೇಷ್. ನಮ್ಮಜ್ಜ ಅಂಗಳದ ಹೊರಗೆ ನಿಂತು ಗೇಣಿ ಅಳೆದದ್ದು ಸಾಕಾಗಿಲ್ವಾ?

ನಂಗೆ ಈ ಲ್ಯಾಕ್ಸ್‌ಟನ್ ಕತೆ ಅರ್ಧ ಮ್ಯೂಸಿಯಂ ಅನ್ನಿಸ್ತದೆ. ಅರ್ಲ್ ಕೊಟ್ಟ, ಸರ್ಕಾರ ಕೊಂಡ, ರಾಜನ ಎಸ್ಟೇಟು ಕಾದ. ನಮ್ಮ ಗಜನಿನ ಕೊಳ್ಳೋ ಅರ್ಲ್ ಯಾರು? ಇನ್ನೊಂದು, ಅಲ್ಲಿಯ ಪಟ್ಟಿಗಳೂ ಹಳೇ ಅಳತೆಯಲ್ಲಿ ಇಲ್ಲ, ಇಪ್ಪತ್ತನೇ ಶತಮಾನದ ಸುರುವಾತಿಗೇ ಸಣ್ಣ ಸಣ್ಣದನ್ನ ಜೋಡಿಸಿ ದೊಡ್ಡ ಮಾಡಿದ್ದಾರೆ, ಹೊಲದ ಒಂದಿಷ್ಟು ಭಾಗ ಬೇಲಿಗೂ ಹೋಗಿದೆ. ಅದನ್ನ ಬಿಟ್ಟು ಬರೀ ಚಂದದ್ದು ಹೇಳ್ಬೇಡಿ.

ಮತ್ತೆ ಗಜನಿ ಹಾಳಾಗಿದ್ದಕ್ಕೆ ರೈತರಿಗೆ ಮಾತ್ರ ಬೈಯೋದು ಬೇಡ. ಎಪ್ಪತ್ತರ ದಶಕದಲ್ಲಿ ಖಾರ್‌ಲ್ಯಾಂಡ್ ಅಂತ ಉಪ್ಪು ನೀರು ತಡೆಯೋ ಸರ್ಕಾರಿ ಯೋಜನೇಲಿ ಕಲ್ಲಿನ ಕಟ್ಟು ಬಂತು, ಊರವರೆಲ್ಲ ಸೇರಿ ಮಣ್ಣು ಹಾಕೋ ಕೆಲಸ ಹೋಯ್ತು, ಕೆಲಸ ಹೋದ ಮೇಲೆ ಊರವರು ಸೇರೋದೂ ಹೋಯ್ತು. ತೊಂಬತ್ತರ ದಶಕದಲ್ಲಿ ಸಿಗಡಿಗೆ ಚಿನ್ನದ ರೇಟು, ಆಮೇಲೆ ಬಿಳಿ ಚುಕ್ಕೆ ರೋಗ, 1996ರಲ್ಲಿ ಸುಪ್ರೀಂ ಕೋರ್ಟು ಸಾಂಪ್ರದಾಯಿಕ ಬಿಟ್ಟು ಬಾಕಿ ಸಿಗಡಿ ಕೆರೆ ಕರಾವಳಿ ವಲಯದಲ್ಲಿ ಬೇಡ ಅಂತು. ದುಡ್ಡು ಬರುವಾಗ ಭತ್ತ ಬೆಳೀರಿ ಅಂದ್ರೆ ಯಾರು ಕೇಳ್ತಿದ್ರು? ನಾನೂ ಕೇಳ್ತಿರ್ಲಿಲ್ಲ.

ಶಿರಸಿ_ಟು_ಟ್ರೆಂಟ್

ಖಾರದವ್ರೆ, ನೀವು ಹೇಳಿದ್ದು ಹೌದು, ಪಟ್ಟಿ ದೊಡ್ಡ ಆಗಿದೆ, ಇಲ್ಲದಿದ್ರೆ ಇವತ್ತಿನ ಟ್ರ್ಯಾಕ್ಟರು ತಿರುಗೋದೇ ಇಲ್ಲ. ಮತ್ತೆ ಅಲ್ಲಿ ಯಾರೂ ಬರೀ ಈ ಹೊಲ ನಂಬಿ ಬದುಕ್ತಾ ಇಲ್ಲ, ಬೇಲಿಯೊಳಗಿನ ಜಮೀನೂ ಸೇರಿ ಒಟ್ಟು ಕಮತ.

ಆದ್ರೆ ಮ್ಯೂಸಿಯಂ ಅನ್ನೋದನ್ನ ಒಪ್ಪಲ್ಲ. ಮ್ಯೂಸಿಯಮ್ಮಲ್ಲಿ ಯಾರಿಗೂ ದಂಡ ಬೀಳಲ್ಲ. ಒಡೆಯ ಯಾರು ಅಂತ ಮೂರು ಸಲ ಬದಲಾಯ್ತು, ಟ್ರೇಲರ್ ಹತ್ತಿ ಗೂಟ ಹೊಡೆಯೋರು ಮಾತ್ರ ಅವರೇ, ಒಡೆಯ ಬಂದು ಹೊಡೀತಾ ಇರ್ಲಿಲ್ಲ.

ಇನ್ನೊಂದು ಹೇಳೋದು ಬಿಟ್ಟೆ, ಗಜನಿಯವರಿಗೆ ಇಷ್ಟ ಆಗ್ತದೆ. ಹೊಲದ ನಡುವೆ ಹೂಡೋಕೆ ಆಗದ ತೇವದ ತಗ್ಗು ಜಾಗ, ತೋಡಿನ ಅಂಚು, ಇವಕ್ಕೆ ಸೈಕ್ಸ್ ಅಂತಾರೆ. ಅದು ಯಾರದ್ದೂ ಅಲ್ಲ, ಎಲ್ಲರದ್ದು. ಬೇಸಿಗೇಲಿ ಅದರ ಹುಲ್ಲನ್ನ ಹರಾಜು ಹಾಕ್ತಾರೆ. ನಿಮ್ಮಲ್ಲಿ ಗಜನಿ ಬಾಗಿಲ ಮೀನನ್ನ ಹರಾಜು ಹಾಕೋ ಹಂಗೇ ಅಲ್ವಾ? ಅಲ್ಲಿ ಯಾರೂ ನೂರಾರು ವರ್ಷ ನೇಗಿಲು ಇಟ್ಟಿಲ್ಲ, ಜೂನ್‌ನಲ್ಲಿ ಹೋದ್ರೆ ಸೊಂಟದ ತನಕ ಕಾಡು ಹೂವು, ಅದಕ್ಕೇ ಸರ್ಕಾರದಿಂದ ವಿಶೇಷ ರಕ್ಷಣೆ ಉಂಟು.

ಪಿಂಡರ್ ಅಂತ ಒಂದು ಹುದ್ದೆಯೂ ಉಂಟು, ಅಡ್ಡಾಡೋ ದನ ಹಿಡಿದು ಕೂಡೋದು ಅವನ ಕೆಲಸ. ನಮ್ಮ ಕೊಂಡವಾಡ! ನಮ್ಮೂರ ಕೊಂಡವಾಡದಲ್ಲಿ ಈಗ ಪಂಚಾಯ್ತಿಯ ಹಾಳು ಪೈಪು ಇಟ್ಟಿದ್ದಾರೆ.

ಕೋಡಿಬಾಗ_ಕಾರವಾರ

ಸ್ವಲ್ಪ ದಾರಿ ತಪ್ಪಿ ಮಾತಾಡ್ತೆ, ಕ್ಷಮಿಸಿ. ಇಂಗ್ಲಿಷ್ ಹಳ್ಳಿ ಅಂದ ಕೂಡ್ಲೆ ನಂಗೆ ನೆನಪಾಗೋದು ಟೈನ್‌ಹ್ಯಾಮ್. ಡಾರ್ಸೆಟ್‌ನ ಸಮುದ್ರದ ಹತ್ರದ ಊರು, 1943ರ ಡಿಸೆಂಬರ್‌ನಲ್ಲಿ ಯುದ್ಧದ ತರಬೇತಿಗೆ ಜಾಗ ಬೇಕು ಅಂತ ಸುಮಾರು 225 ಜನರನ್ನ ಎಬ್ಬಿಸಿದ್ರು. ಹೋಗುವಾಗ ಚರ್ಚಿನ ಬಾಗಿಲಿಗೆ ಚೀಟಿ ಅಂಟಿಸಿ ಹೋಗಿದ್ರು, ನಮ್ಮ ಮನೆಗಳನ್ನ ಚೆನ್ನಾಗಿ ನೋಡ್ಕೊಳ್ಳಿ, ನಾವು ತಿರುಗಿ ಬರ್ತೇವೆ ಅಂತ. ಯುದ್ಧ ಮುಗೀತು, 1948ರಲ್ಲಿ ಸೇನೆ ಜಾಗ ಕಾಯಂ ತಗೊಂಡ್ತು, ಯಾರೂ ತಿರುಗಿ ಬರ್ಲಿಲ್ಲ. ಈಗ ಫೈರಿಂಗ್ ಇಲ್ಲದ ದಿನ ಜನ ಹೋಗಿ ಮುರಿದ ಗೋಡೆ ನೋಡಿ ಬರಬಹುದು.

ಸೀಬರ್ಡ್ ನೌಕಾನೆಲೆಗೆ ನಮ್ಮ ಕಾರವಾರ ಅಂಕೋಲಾದ 13 ಹಳ್ಳಿ ಹೋದವು. 1986ರಲ್ಲಿ ಅಡಿಗಲ್ಲು. ನಮ್ಮ ಅಮ್ಮನ ತವರು ಅದರಲ್ಲಿ ಒಂದು. ನಾವು ಚೀಟಿ ಅಂಟಿಸ್ಲಿಲ್ಲ, ಅಜ್ಜಿ ತುಳಸಿ ಕಟ್ಟೆ ಮಣ್ಣು ಒಂದು ಡಬ್ಬೀಲಿ ತಂದಿದ್ಲು. ಅಷ್ಟೇ. ಜಗಳ ಆಡೋಕೆ ಗಜನಿ ಇನ್ನೂ ಉಂಟಲ್ಲ ನಿಮಗೆ.

ನಿವೃತ್ತ_ಕಾರಕೂನ

ಕೋಡಿಬಾಗದವರೇ, ದಾರಿ ತಪ್ಪಿದ್ದಲ್ಲ ಅದು. ಬೇರೆಯಾಗಿ ಬರೆಯಿರಿ, ನಾವು ಓದುತ್ತೇವೆ.

ಅಂಕೋಲಾದವರಿಗೆ: ಒಡೆಯ ಬೇಕು ಅಂತ ನಾನು ಹೇಳಲಿಲ್ಲ, ಹೇಳುವ ಬಾಯಿಯೂ ಅಲ್ಲ. ಪಹಣಿಯಲ್ಲಿ ಇಲ್ಲದ್ದನ್ನ ಯಾರು ಕಾಯಬೇಕು ಅಂತ ಕೇಳಿದೆ. ಕುಮಟಾ ತಾಲೂಕಿನಲ್ಲೇ ಮಾಣಿಕಟ್ಟಾದಲ್ಲಿ ಒಡೆಯ ಇಲ್ಲದೆ ರೈತರೇ ಗುಂಪು ಕಟ್ಟಿ ಸಾಮೂಹಿಕವಾಗಿ ಕಗ್ಗ ಬೆಳೆದಿದ್ದಾರೆ, ಅದನ್ನು ನೋಡಲು ಇಂಗ್ಲೆಂಡಿಗೆ ಹೋಗಬೇಕಿಲ್ಲ, ಕುಮಟಾದಿಂದ ಬೈಕಿನ ದಾರಿ. ಅಘನಾಶಿನಿ ಅಳಿವೆಗೆ 2024ರಲ್ಲಿ ರಾಮ್‌ಸಾರ್ ಪಟ್ಟ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಅನ್ನುವ ಮಾನ್ಯತೆ, ಸಿಕ್ಕಿದೆ, ಬೋರ್ಡು ಬಂದೀತು. ಬೋರ್ಡು ಕಟ್ಟು ಕಾಯುವುದಿಲ್ಲ.

ಆಚೆದಡ_ಕುಮಟಾ

ಎಲ್ಲರಿಗೂ ತುಂಬಾ ಉಪಕಾರ ಆಯ್ತು. ಇಷ್ಟು ಉತ್ತರ ಬರ್ತದೆ ಅಂತ ಗೊತ್ತಿರ್ಲಿಲ್ಲ. ಖಾರದವ್ರೆ, ನಿಮ್ಮ ಬೈಗಳೂ ಬೇಕಾಗಿತ್ತು, ಕಟ್ಟಿನ ಕೆಲಸ ಹೋದ ಮೇಲೆ ಸೇರೋದೂ ಹೋಯ್ತು ಅಂದ್ರಲ್ಲ, ಅದನ್ನ ನಮ್ಮ ಅಪ್ಪನೂ ಬೇರೆ ಮಾತಲ್ಲಿ ಹೇಳ್ತಾ ಇರ್ತಾರೆ, ನಾನೇ ಕಿವಿಗೆ ಹಾಕ್ಕೊಂಡಿರ್ಲಿಲ್ಲ.

ನಿನ್ನೆ ರಾತ್ರಿ ಊಟ ಆದ ಮೇಲೆ ಎಲ್ಲವನ್ನೂ ಅಪ್ಪನಿಗೆ ಓದಿ ಹೇಳ್ದೆ, ಅವರಿಗೆ 78, ಕಿವಿ ಮಂದ, ಆದ್ರೆ ಗಜನಿ ಅಂದ್ರೆ ಎರಡು ಕೋಣೆ ಆಚೆಯಿಂದ ಕೇಳ್ತದೆ. ಗೋಧಿ, ಅರ್ಲ್, ನಕಾಶೆ ಇವಕ್ಕೆಲ್ಲ ಹ್ಞೂಂ ಹ್ಞೂಂ ಅಂದ್ರು. ಟ್ರೇಲರ್ ಹತ್ತಿ ಗೂಟ ಹೊಡೀತಾರೆ ಅಂದಾಗ ಎದ್ದು ಕೂತ್ರು. ಅವರ ಸಣ್ಣಂದಿನಲ್ಲಿ ಮಳೆ ಹಿಡಿಯೋ ಮೊದಲು ಮನೆಗೊಬ್ಬ ಅಂತ ಕಟ್ಟಿನ ಮೇಲೆ ನಡೆದು ಬಿಲ ಹುಡುಕ್ತಿದ್ರಂತೆ, ಏಡಿ ತೋಡಿದ ಬಿಲ ಬಿಟ್ರೆ ಅಲ್ಲಿಂದ್ಲೇ ಕಟ್ಟು ಒಡೀತದೆ. ಬಾರದ ಮನೆಯವ ಒಂದು ಆಳಿನ ಕೂಲಿ ಕೊಡ್ಬೇಕಿತ್ತು. ಕೊಡದವನಿಗೆ ಆ ವರ್ಷ ಬಾಗಿಲ ಮೀನಲ್ಲಿ ಪಾಲಿಲ್ಲ. ಇದನ್ನ ನಂಗೆ ಇಷ್ಟು ವರ್ಷ ಹೇಳ್ಲೇ ಇಲ್ವಲ್ಲ ಅಂದೆ. ನೀನು ಕೇಳ್ಲಿಲ್ಲ, ಅಂದ್ರು.

ಕಗ್ಗದ ವಿಷಯ ಸದ್ಯ ಬದಿಗಿಟ್ಟು, ಬರೋ ಮೇ ತಿಂಗಳಲ್ಲಿ ಎಲ್ಲರೂ ಒಂದು ದಿನ ಕಟ್ಟಿನ ಮೇಲೆ ನಡೆಯುವಾ ಅಂತ ಊರ ವಾಟ್ಸಾಪ್ ಗುಂಪಲ್ಲಿ ಹಾಕಿದ್ದೆ. ಹನ್ನೊಂದು ಜನ ಹೆಬ್ಬೆಟ್ಟು ಒತ್ತಿದ್ದಾರೆ, ಇಬ್ಬರು ಊಟ ಯಾರದ್ದು ಅಂತ ಕೇಳಿದ್ದಾರೆ, ಗುತ್ತಿಗೆಯವ ನೋಡಿ ಸುಮ್ಮನಿದ್ದಾನೆ. ಅಪ್ಪ ತಾವೂ ಬರ್ತಾರಂತೆ, ಬೇಡ ಅಂದ್ರೆ ಕೇಳಲ್ಲ. ಒಂದೇ ಷರತ್ತು, ಕೆಳಗಿನ ಕೇರಿಯ ಅವರ ಹಳೇ ದೋಸ್ತನ ಮನೆಯವ್ರನ್ನ ಜ್ಯೂರಿಗೆ ಹಾಕ್ಬಾರ್ದಂತೆ. 1981ರಲ್ಲಿ ಅವ್ರು ಎರಡು ಮಾರು ಒಳಗೆ ಬಂದದ್ದು ಇನ್ನೂ ತೀರ್ಮಾನ ಆಗಿಲ್ಲ ಅಂತ.

ಅಣ್ಣನ ಮಗಳಿಗೆ ನವೆಂಬರ್ ಕೊನೇ ಗುರುವಾರ ರಜೆ ಹಾಕೋಕೆ ಹೇಳಿದ್ದೆ. ಶಿರಸಿಯವ್ರೆ, ಅವಳು ಒಬ್ಬಳೇ ಹೋಗೋದು, ಆ ಪಬ್ಬಲ್ಲಿ ಸಸ್ಯಾಹಾರ ಎಂಥದಾದ್ರೂ ಸಿಗ್ತದಾ ಅಥವಾ ಬುತ್ತಿ ಕಟ್ಕೊಂಡು ಹೋಗ್ಬೇಕಾ?

ಶಿರಸಿ_ಟು_ಟ್ರೆಂಟ್

ಚಿಪ್ಸ್ ಸಿಗ್ತದೆ. ಬುತ್ತಿ ಕಟ್ಕೊಳ್ಳೋದೇ ಒಳ್ಳೇದು, ಮತ್ತೆ ಎರಡು ಜೊತೆ ಕಾಲುಚೀಲ ಹಾಕ್ಕೊಂಡು ಬರೋಕೆ ಹೇಳಿ. ಮೆಸೇಜ್ ಮಾಡ್ಲಿ, ನಂಗೂ ಮನೆಯವಳಿಗೂ ರಜೆ ಉಂಟು, ಕಾರಲ್ಲಿ ಕರ್ಕೊಂಡು ಹೋಗ್ತೇವೆ. ಅಪ್ಪೆಮಿಡಿ ಉಪ್ಪಿನಕಾಯಿ ಇದ್ರೆ ತರ್ಲಿ, ನಮ್ಮದು ಖಾಲಿ ಆಗಿ ಎರಡು ತಿಂಗಳಾಯ್ತು.